ಸರದಿ ಮತ್ತು ಕಾವಲು ಪ್ರೋಗ್ರಾಂ

ಒಂದು ಆಸ್ಪತ್ರೆಯ ಸರ್ವರಿನಲ್ಲಿ ಸಂದೇಶಗಳ ಸರದಿಯೊಂದಿತ್ತು. ಬಂದ ಸಂದೇಶಗಳನ್ನು ಸಾಲಾಗಿ ಕೂರಿಸಿಕೊಳ್ಳುವುದು ಅದರ ಕೆಲಸ. ರವಾನೆ ಪ್ರೋಗ್ರಾಂ ಬಂದು ಅವನ್ನು ಕರೆದೊಯ್ಯಬೇಕು. ಹತ್ತು ನಿಮಿಷಕ್ಕೊಮ್ಮೆ ಕಾವಲು ಪ್ರೋಗ್ರಾಂ ಬಂದು, "ಅಕ್ಕಾ, ಕ್ಷೇಮವೇ?" ಎನ್ನುತ್ತಿತ್ತು. "ಕ್ಷೇಮ, ತಮ್ಮಾ" ಎಂದು ಸರದಿ ಹೇಳಿದೊಡನೆ ಹಸಿರು ದೀಪ ಹಚ್ಚಿ ಹೊರಡುತ್ತಿತ್ತು.

ಒಂದು ದಿನ ಅದು ಹೊರಡುವಾಗ ಸಾಲಿನಲ್ಲಿದ್ದ ಸಂದೇಶವೊಂದು ತಡೆಯಿತು. "ಅಣ್ಣಾ, ಹೆರಿಗೆಯಾದ ತಾಯಿಗೆ ರಕ್ತ ಬೇಕೆಂದು ರಕ್ತನಿಧಿಗೆ ಹೇಳಬೇಕಾದವನು ನಾನು. ಅರ್ಧ ಗಂಟೆಯಿಂದ ಇಲ್ಲೇ ಇದ್ದೇನೆ. ರವಾನೆಯವನು ನಿದ್ದೆ ಹೋಗಿದ್ದಾನೆ."

ಕಾವಲಿಗೆ ಗಾಬರಿಯಾಯಿತು. "ಅಕ್ಕಾ, ಮೂರು ಸಲ ಬಂದೆನಲ್ಲ, ಒಂದು ಮಾತು ಹೇಳಬಾರದಿತ್ತೇ?"

"ನೀನು ನನ್ನ ಕ್ಷೇಮ ಕೇಳುತ್ತಿದ್ದೆ. ಈ ಸರ್ವರಿನಲ್ಲಿ ನನ್ನನ್ನು ಕೇಳುವವರು ಬೇರೆ ಯಾರಿದ್ದಾರೆ? ಆ ಖುಷಿಯಲ್ಲಿ ಇವರನ್ನು ಮರೆತೆ" ಎಂದು ಸರದಿ ತಲೆ ತಗ್ಗಿಸಿತು.

"ನಾನೂ ಮರೆತೆ" ಎಂದು ಕಾವಲು ಓಡಿಹೋಗಿ ರವಾನೆಯನ್ನು ಎಬ್ಬಿಸಿತು. ಮುಂದಿದ್ದ ಸಂದೇಶಗಳೆಲ್ಲ ಸರಿದು ದಾರಿಬಿಟ್ಟವು. ರಕ್ತ ಸಕಾಲಕ್ಕೆ ತಲುಪಿತು.

ಮುಂದಿನ ಸುತ್ತಿನಲ್ಲಿ ಕಾವಲು ಸರದಿಯನ್ನು ಮಾತನಾಡಿಸಿದ ಮೇಲೂ ಹೊರಡಲಿಲ್ಲ. ಸಾಲಿನ ಮೊದಲಿಗನ ಬಳಿ ಹೋಗಿ, "ನೀವು ಬಂದು ಎಷ್ಟು ಹೊತ್ತಾಯಿತು?" ಎಂದು ಕೇಳಿತು.