ಗಾಣಕ್ಕೆ ಕಟ್ಟಿಸಿದ ಯಂತ್ರ

"ಇನ್ನು ನನ್ನ ಸೀಮೆಯಲ್ಲಿ ಎತ್ತು ಗಾಣ ಸುತ್ತುವುದೇ ಬೇಡ!" ಎಂದು ಪಾಳೆಗಾರ ಗುಂಡುಮಲ್ಲ ನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಅವನ ಎದುರಿಗೆ ಕಬ್ಬಿಣದ ಯಂತ್ರವೊಂದು ಕುಳಿತಿತ್ತು. ಮೇಲೆ ಹಿಡಿಕೆ, ನಡುವೆ ತಿರುಪು, ಕೆಳಗೆ ಜೋಲುಮೂತಿಯ ಕೊಳವೆ. ಕಡಲಾಚೆಯ ವರ್ತಕನೊಬ್ಬ ಇಂಥ ಹನ್ನೆರಡು ಯಂತ್ರಗಳನ್ನು ದೊರೆಗೆ ಮಾರಿ, ವೀಳ್ಯ ಮೆದ್ದು, ಬಂದ ದಾರಿಯಲ್ಲೇ ಹೋಗಿ ಹಡಗು ಹತ್ತಿದ್ದ.

"ಎಳ್ಳು ಸುರಿ, ಹಿಡಿಕೆ ತಿರುಗಿಸು, ಎಣ್ಣೆ ಹಿಡಿ. ಅಷ್ಟೇ!" ಎಂದ ನಾಯಕ. "ಊರಿನ ಹನ್ನೆರಡು ಗಾಣದವರೂ ಹುಣ್ಣಿಮೆಯೊಳಗೆ ಯಂತ್ರ ಕಟ್ಟಿಸಬೇಕು. ಕಟ್ಟಿಸದವರ ಗಾಣ ಬುಡಸಮೇತ ಕೀಳಿಸುತ್ತೇನೆ."

ಆಸ್ಥಾನದಲ್ಲಿ ಹಂಪಯ್ಯ ಎಂಬೊಬ್ಬನಿದ್ದ. ದೊರೆಯ ಮಾತಿಗೆ ಎದುರು ಮಾತಾಡಿಯೂ ತಲೆ ಉಳಿಸಿಕೊಂಡಿದ್ದ ಏಕೈಕ ಮನುಷ್ಯ. ಅವನು ಎದ್ದು ನಿಂತ. "ಪ್ರಭು, ಇದನ್ನು ನಡೆಸುವುದು ಹೇಗೆಂದು ಗಾಣದವರಿಗೆ ಯಾರಾದರೂ ತೋರಿಸಬೇಡವೇ?"

"ಕೈಯಿದ್ದವನಿಗೆ ಹಿಡಿಕೆ ತಿರುಗಿಸಲು ಪಾಠ ಬೇಕೇ? ಕೂತ್ಕೋ ಹಂಪಯ್ಯ."

ಹಂಪಯ್ಯ ಕೂತ. ಡಂಗುರದವನು ಊರೆಲ್ಲ ಸುತ್ತಿ ಸಾರಿದ: "ಕೇಳ್ರಪ್ಪೋ ಕೇಳಿ! ಗಾಣದ ಮನೆಯೋರೆಲ್ಲ ಹುಣ್ಣಿಮೆಯೊಳಗೆ ಯಂತ್ರ ಕಟ್ಟಿಸ್ಬೇಕು! ಇಲ್ದಿದ್ರೆ ಗಾಣ ಕೀಳ್ತಾರೆ!" ಯಾವ ಯಂತ್ರ, ಎಲ್ಲಿಯ ಯಂತ್ರ ಎಂದು ಅವನಿಗೂ ಯಾರೂ ಹೇಳಿರಲಿಲ್ಲ.

ಹುಣ್ಣಿಮೆ ಬಂತು. ಉಗ್ರಾಣದಲ್ಲಿ ಹನ್ನೆರಡು ಯಂತ್ರಗಳೂ ಇಟ್ಟಲ್ಲೇ ಇದ್ದವು. ಒಬ್ಬ ಗಾಣದವನೂ ಇತ್ತ ತಲೆ ಹಾಕಿರಲಿಲ್ಲ. ನಾಯಕ ಕೆಂಡವಾದ. ಹಾರೆ ಹಿಡಿದ ಆಳುಗಳನ್ನೂ ಹಂಪಯ್ಯನನ್ನೂ ಕರೆದುಕೊಂಡು ಗಾಣಿಗರ ಬೀದಿಗೆ ನಡೆದ.

ಮೊದಲ ಮನೆ ನೀಲವ್ವನದು. ಗಂಡ ಸತ್ತ ಮೇಲೆ ಒಂದೇ ಎತ್ತು, ಒಂದೇ ಗಾಣದಲ್ಲಿ ಮನೆ ನಡೆಸುತ್ತಿದ್ದ ಹೆಂಗಸು. ಗಾಣದಲ್ಲಿ ಎಳ್ಳು ನುರಿಯುತ್ತಿತ್ತು, ಎತ್ತು ಸುತ್ತುತ್ತಿತ್ತು.

"ಯಂತ್ರ ಕಟ್ಟಿಸಿದೆಯಾ?" ನಾಯಕ ಗುಡುಗಿದ.

"ಕಟ್ಟಿಸೀನಿ ಬುದ್ಧಿ! ಅಪ್ಪಣೆ ಆದ ಮಾರನೇ ದಿನಾನೇ ಕಟ್ಟಿಸೀನಿ."

"ಎಲ್ಲಿ?"

ನೀಲವ್ವ ಹೆಮ್ಮೆಯಿಂದ ಗಾಣದ ಕಂಬ ತೋರಿಸಿದಳು. ಅಲ್ಲಿ ಕರಿದಾರದಲ್ಲಿ ಸುರುಳಿ ಸುತ್ತಿದ ತಾಮ್ರದ ತಗಡು ತೂಗುತ್ತಿತ್ತು. ಪಕ್ಕದಲ್ಲೊಂದು ನಿಂಬೆಹಣ್ಣು.

"ಮಾರಮ್ಮನ ಗುಡಿ ಪೂಜಾರಪ್ಪ ಬರೆದುಕೊಟ್ಟ ಯಂತ್ರ ಬುದ್ಧಿ. ಹನ್ನೆರಡು ಮನೆಯೋರೂ ಕಟ್ಟಿಸೀವಿ. ನಮ್ಮ ಗಾಣಕ್ಕೆ ಯಾರ ಕಣ್ಣು ಬಿದ್ದೈತೋ ಅಂತ ದೊರೆಗಳೇ ಚಿಂತೆ ಮಾಡ್ಯಾರಲ್ಲ ಅಂತ ಬೀದಿಗೆ ಬೀದಿಯೇ ಕೈ ಮುಗೀತು."

ಆಳುಗಳು ಮುಖ ಆಚೆ ತಿರುಗಿಸಿದರು. ನಗು ತಡೆಯುವುದೂ ಒಂದು ಊಳಿಗವೇ.

"ಮೂಢರೇ! ಕೀಳಿರೋ ಈ ಗಾಣ!"

ನೀಲವ್ವ ಕಂಬವನ್ನು ತಬ್ಬಿ ನಿಂತಳು. "ಬೇಡಿ ಬುದ್ಧಿ! ಇದು ಹೋದ್ರೆ ನನಗೆ ಊರೂ ಇಲ್ಲ, ಅನ್ನಾನೂ ಇಲ್ಲ!"

ಹಂಪಯ್ಯ ಹಾರೆಗೆ ಅಡ್ಡ ಬಂದ. "ಪ್ರಭು, ಯಂತ್ರ ಕಟ್ಟಿಸದವರ ಗಾಣ ಕೀಳಿಸುತ್ತೇನೆ ಎಂಬುದು ತಮ್ಮ ಅಪ್ಪಣೆ. ಈಕೆ ಕಟ್ಟಿಸಿದ್ದಾಳೆ. ಈಗ ಕಿತ್ತರೆ ಅಪ್ಪಣೆ ಮೀರಿದವರು ಯಾರೆಂದಾಯಿತು?"

ನಾಯಕ ಹಲ್ಲು ಕಡಿದ. "ತಗಡಿನ ಚೂರು ಎಣ್ಣೆ ಕೊಡುತ್ತದೇನೋ?"

"ಕೊಡುವುದಿಲ್ಲ ಪ್ರಭು. ತಮ್ಮದು ಕೊಡುತ್ತದಲ್ಲ, ಇಲ್ಲೇ ತರಿಸಿ. ಬೀದಿಯವರೆಲ್ಲ ಕಣ್ಣಾರೆ ನೋಡಲಿ."

ಈ ಮಾತು ನಾಯಕನಿಗೆ ಹಿಡಿಸಿತು. ನಾಲ್ವರು ಆಳುಗಳು ಏದುಸಿರು ಬಿಡುತ್ತ ಯಂತ್ರ ಹೊತ್ತು ತಂದರು. ಉಗ್ರಾಣದ ಭರಮಣ್ಣ ಎಳ್ಳು ಸುರಿದ. ಹಿಡಿಕೆ ತಿರುಗಿಸಿದ. ಯಂತ್ರ ಕಿರ್ರೆಂದು ನಿಂತಿತು.

"ಬಲಕ್ಕೆ ತಿರುಗಿಸೋ!" ಎಂದ ನಾಯಕ. ಬಲಕ್ಕೆ ತಿರುಗಿಸಿದ. ಹಾಕಿದ ಎಳ್ಳೆಲ್ಲ ಮೇಲಕ್ಕೆ ಬಂತು.

"ಸರಿ ಆಚೆ, ಕೈಲಾಗದವನೇ!" ನಾಯಕನೇ ಕಚ್ಚೆ ಬಿಗಿದು ಹಿಡಿಕೆ ಹಿಡಿದ. ಉಸಿರು ಕಟ್ಟಿ ಒತ್ತಿದ. ಟಣ್ ಎಂದಿತು. ಹಿಡಿಕೆ ದೊರೆಯ ಕೈಗೆ ಬಂತು, ದೊರೆ ಹಿಂಡಿಯ ಗುಡ್ಡೆಯ ಮೇಲೆ ಕೂತ.

ನೀಲವ್ವನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಎಳ್ಳನ್ನ ಬಿಸಿಲಿಗೆ ಕಾಯಿಸ್ದೆ ಹಾಕಿದ್ರೆ ಕಬ್ಬಿಣ ಆದ್ರೂ ಏನು ಮಾಡೀತು? ಆ ತಿರುಪಿಗೆ ಒಂದು ತೊಟ್ಟು ಎಣ್ಣೆ ಕೂಡ ಬಿಟ್ಟಿಲ್ವಲ್ಲ ಬುದ್ಧಿ!"

ಎತ್ತು ಮಾತ್ರ ತನ್ನ ಪಾಡಿಗೆ ಸುತ್ತುತ್ತಲೇ ಇತ್ತು. ಗಾಣದ ಬಾಯಿಂದ ಎಣ್ಣೆ ಸಣ್ಣಗೆ ಇಳಿಯತೊಡಗಿತ್ತು.

ನಾಯಕ ಹಿಂಡಿ ಕೊಡವಿಕೊಂಡು ಎದ್ದ. ದನಿ ತಗ್ಗಿತ್ತು. "ಹಂಪಯ್ಯ, ನಿಜ ಹೇಳು. ಈಕೆಯ ನಿಂಬೆಹಣ್ಣಿಗಿಂತ ನನ್ನ ಯಂತ್ರ ಕಡೆಯಾಯಿತೇ?"

"ಎಲ್ಲಾದರೂ ಉಂಟೇ ಪ್ರಭು! ತಮ್ಮದು ಒಳ್ಳೆಯ ಯಂತ್ರವೇ ಇರಬೇಕು. ನೀಲವ್ವಾ, ಪೂಜಾರಿ ಯಂತ್ರ ಕೊಡುವಾಗ ಏನಾದರೂ ಹೇಳಿದನೇ?"

"ಹೇಳ್ದೆ ಕೊಡ್ತಾರಾ ಸ್ವಾಮಿ? ಮಂಗಳವಾರ ಕಟ್ಟು, ಮೂಡಣಕ್ಕೆ ಮುಖ ಮಾಡು, ಮೈಲಿಗೆ ಕೈಲಿ ಮುಟ್ಬೇಡ ಅಂತ ಮೂರು ಸಲ ಹೇಳಿ, ನನ್ನ ಬಾಯಲ್ಲೂ ಹೇಳಿಸಿದ್ರು."

"ಅದು ಕೆಲಸ ಮಾಡದಿದ್ದರೆ?"

"ಗುಡಿ ಹಿಂದೇನೇ ಅವರ ಮನೆ. ಹೋಗಿ ಹೆಗಲ ಮೇಲಿನ ಶಲ್ಯ ಹಿಡಿದು ಕೇಳ್ತೀನಿ!"

ಹಂಪಯ್ಯ ದೊರೆಯತ್ತ ತಿರುಗಿದ. "ವ್ಯತ್ಯಾಸ ಇಷ್ಟೇ ಪ್ರಭು. ಇವರ ಯಂತ್ರಕ್ಕೆ ಹೇಳಿಕೊಡುವವನಿದ್ದಾನೆ, ಕೆಟ್ಟರೆ ಕೇಳಲು ಒಬ್ಬನಿದ್ದಾನೆ. ತಮ್ಮದಕ್ಕೆ?"

"ಆ ವರ್ತಕ ಹಡಗು ಹತ್ತಿ ತಿಂಗಳಾಯಿತಲ್ಲೋ! ಯಾರ ಶಲ್ಯ ಹಿಡಿಯಲಿ?"

"ತಮಗೆ ಮಾರಿದವನು ಹಡಗಿನಲ್ಲಿದ್ದಾನೆ, ಸರಿ. ಆದರೆ ಗಾಣದವರಿಗೆ ಯಂತ್ರ ಕೊಡಲು ಹೊರಟವರು..." ಹಂಪಯ್ಯ ಮಾತು ನುಂಗಿ, ದೊರೆಯ ಹೆಗಲ ಮೇಲಿನ ಜರತಾರಿ ಶಲ್ಯವನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

ನಾಯಕನಿಗೆ ಅರ್ಥವಾಗಲು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಭರಮಣ್ಣ, ಹಾರೆಗಳನ್ನು ವಾಪಸು ಕಳಿಸು. ಒಂದು ಯಂತ್ರ ಈಕೆಯ ಅಂಗಳದಲ್ಲಿರಲಿ. ಕಮ್ಮಾರನೂ ಈಕೆಯೂ ಸೇರಿ ಅದರ ಗುಣ ಕಲಿಯಲಿ. 'ಇನ್ನು ಎತ್ತು ಬೇಡ' ಎಂದು ಈಕೆಯ ಬಾಯಲ್ಲಿ ಬರುವವರೆಗೆ ಯಾರ ಗಾಣವನ್ನೂ ಮುಟ್ಟಬೇಡಿ."

ಆಮೇಲೆ ತನ್ನ ಶಲ್ಯವನ್ನು ತಾನೇ ತೆಗೆದು ನೀಲವ್ವನ ಕೈಗಿಟ್ಟ. "ತಗೋ ತಾಯಿ. ನೀನು ಬಂದು ಹಿಡಿಯುವ ಮೊದಲು ನಾನೇ ಕೊಟ್ಟುಬಿಡುವುದು ಮರ್ಯಾದೆ!"