ಬಾಳವ್ವ ಮುಟ್ಟದ ಹೋಳಿಗೆ

ಮಲಪ್ರಭೆಯ ದಂಡೆಯ ಮೇಲೆ ಒಬ್ಬ ಗುರು ಇದ್ದಳು. ಗುರು ಎಂದು ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಬಾಳವ್ವ ಎನ್ನುತ್ತಿದ್ದರು.

ಆಶ್ರಮ ಎಂದರೆ ಒಂದು ಮಣ್ಣಿನ ಮನೆ, ಅದರ ಮುಂದೆ ಒಂದು ಬೇವಿನ ಮರ. ಶಿಷ್ಯರು ಒಟ್ಟು ಒಬ್ಬಳು. ಅವಳ ಹೆಸರು ಫಕೀರವ್ವ.

ಬಾಳವ್ವ ಸೂಲಗಿತ್ತಿ. ಐವತ್ತು ವರ್ಷ ಹೆರಿಗೆ ಮಾಡಿಸಿದವಳು. ಈಗ ಜನ ಹೆರಿಗೆಗೆ ದವಾಖಾನೆಗೆ ಹೋಗುತ್ತಿದ್ದರು. ಆದರೂ ಹೋಗುವ ಮುಂಚೆ ಒಮ್ಮೆ ಇಲ್ಲಿಗೆ ಬಂದು ಹೊಟ್ಟೆ ಮುಟ್ಟಿಸಿಕೊಂಡು ಹೋಗದಿದ್ದರೆ ಅವರಿಗೆ ಸಮಾಧಾನವಿರುತ್ತಿರಲಿಲ್ಲ.

ಮೊದಲ ವರ್ಷ ಪೂರ್ತಿ ಫಕೀರವ್ವ ನೀರು ಕಾಯಿಸಿದಳು, ಉಗುರು ಕತ್ತರಿಸಿಕೊಂಡಳು. ಬಸುರಿಯ ಹೊಟ್ಟೆ ಮುಟ್ಟಲು ಬಾಳವ್ವ ಬಿಟ್ಟದ್ದು ಎರಡನೆಯ ವರ್ಷದ ನಡುವೆ. ಅದೂ ಅಂಗೈ ಬೆಚ್ಚಗಿದೆಯೋ ಇಲ್ಲವೋ ಎಂದು ತನ್ನ ಕೆನ್ನೆಗೆ ಹಚ್ಚಿ ನೋಡಿದ ಮೇಲೆ.

ಬಾಳವ್ವನದು ಒಂದು ವಿಚಿತ್ರವಿತ್ತು. ಕೂಸು ಹುಟ್ಟಿದ ಮನೆಯವರು ಆಕೆಗಾಗಿ ಹೋಳಿಗೆ ಮಾಡುತ್ತಿದ್ದರು. ಆಕೆ ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇರಬೇಕು ಎಂದು ಊರು ತೀರ್ಮಾನ ಮಾಡಿಬಿಟ್ಟಿತ್ತು.

"ಆಯಿ, ಹೋಳಿಗಿ ಯಾಕ ಒಲ್ಲಿ?" ಎಂದು ಫಕೀರವ್ವ ಒಮ್ಮೆ ಕೇಳಿದಳು.

"ಹಲ್ಲು ನೋಯ್ತಾವ."

ಹಾಗೆಂದವಳು ಹುರಿದ ಕಡಲೆಯನ್ನು ಕಟಕಟ ಅಗಿಯುತ್ತಿದ್ದಳು.

ಒಂದು ಬೆಳಿಗ್ಗೆ ಕಾಶವ್ವ ಎಂಬವಳು ತನ್ನ ಮಗಳು ನಿಂಬೆವ್ವನನ್ನು ಕರೆದುಕೊಂಡು ಬಂದಳು. ನಿಂಬೆವ್ವನಿಗೆ ಎಂಟು ತಿಂಗಳು ತುಂಬಿ ಒಂದು ವಾರವಾಗಿತ್ತು.

ಅವಳ ಮೊದಲ ಕೂಸು ಗಂಡನ ಊರಿನಲ್ಲಿ ಕಾಲು ಮುಂದಾಗಿ ಬಂದಿತ್ತು. ತಲೆ ಸಿಕ್ಕಿಕೊಂಡಿತು. ಕೂಸು ಉಳಿಯಲಿಲ್ಲ. ಈ ಸಲ ಅವಳು ಹಟ ಹಿಡಿದು ತವರಿಗೆ ಬಂದಿದ್ದಳು.

"ನೀ ನೋಡು," ಎಂದಳು ಬಾಳವ್ವ ಶಿಷ್ಯೆಗೆ.

ಫಕೀರವ್ವ ಅಂಗೈ ಉಜ್ಜಿಕೊಂಡಳು. ನಿಂಬೆವ್ವನ ಪಕ್ಕೆಲುಬಿನ ಕೆಳಗೆ ಗುಂಡಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಅದೊಂದೇ ಅತ್ತಿತ್ತ ಆಡಿತು.

"ತಲಿ ಮ್ಯಾಲೈತಿ."

"ತಲೀನ ಅಂತ ಹೆಂಗ ಹೇಳ್ತಿ?"

"ತಲಿಗೆ ಕುತ್ತಿಗಿ ಐತಿ, ತಟ್ಟಿದ್ರ ಅದೊಂದ ಆಡತೈತಿ. ಕುಂಡಿ ಆಗಿದ್ರ ಮೈಯೆಲ್ಲಾ ಅದರ ಕೂಡ ಬರತೈತಿ."

"ಹೌದು."

ಬಾಳವ್ವನ ಬಾಯಿಂದ ಹೌದು ಎಂಬ ಮಾತು ವರ್ಷಕ್ಕೆ ಎರಡೋ ಮೂರೋ ಸಲ ಬರುತ್ತಿತ್ತು. ಫಕೀರವ್ವ ಉಬ್ಬಿಹೋದಳು.

ನಿಂಬೆವ್ವ ಗೋಡೆಯ ಕಡೆ ಮುಖ ಮಾಡಿದಳು.

"ಇದೂ ಹಂಗ ಬರತೈತೇನ ಆಯಿ?"

"ಇನ್ನೂ ವ್ಯಾಳ್ಯಾ ಐತಿ. ನಿನಗ ನೆಲಾ ಸಾರಸಾಕ ಬರತೈತಿಲ್ಲ?"

"ಬರತೈತಿ."

"ಹಂಗ ಮಂಡಿ ಊರು. ಮೊಣಕೈ ನೆಲಕ್ಕ ಹಚ್ಚು. ತಲಿ ಕೆಳಗ ಇರಲಿ, ಕುಂಡಿ ಮ್ಯಾಲಿರಲಿ. ಮುಂಜಾನಿ ಒಂದೀಟು, ಸಂಜಿಕ ಒಂದೀಟು. ಉಂಡಕೂಡ್ಲೆ ಬ್ಯಾಡ. ಚಕ್ಕರ ಬಂದಂಗಾದ್ರ ಎದ್ದುಬಿಡು."

"ಅಷ್ಟ?" ಎಂದಳು ಕಾಶವ್ವ. ಆಕೆ ಏನಾದರೂ ಬೇರು, ಎಣ್ಣೆ, ಮಂತ್ರ ಸಿಗಬಹುದೆಂದು ಬಂದಿದ್ದಳು.

"ಅಷ್ಟ. ಒಳಗ ಅದಕ್ಕ ಜಾಗಾ ಸಿಕ್ಕರ ತಾನ ತಿರುಗಬಹುದು. ತಿರುಗದನೂ ಇರಬಹುದು. ಹತ್ತನೇ ದಿನಕ್ಕ ತಾಲೂಕ ದವಾಖಾನಿಗೆ ಹೋಗಿ ಡಾಕ್ಟರಬಾಯಿಗೆ ತೋರಸ್ರಿ. ತಿರುಗಿದ್ರೂ ತೋರಸ್ರಿ, ತಿರುಗದಿದ್ರೂ ತೋರಸ್ರಿ."

"ಅಲ್ಲಿ ಹೊಟ್ಟಿ ಕೊಯ್ತಾರ ಬಾಳಕ್ಕ!"

"ಕೊಯ್ದವರು ಹೊಲೀತಾರ."

ಕಾಶವ್ವನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ಆದರೂ ಹತ್ತನೇ ದಿನಕ್ಕೆ ಟಂಟಂ ಗಾಡಿ ಹೇಳಿಡುವುದಾಗಿ ಒಪ್ಪಿಕೊಂಡು ಹೋದಳು.

ಅವರು ಹೋದ ಮೇಲೆ ಫಕೀರವ್ವ ಗುರುವಿನ ಬೆನ್ನು ಹತ್ತಿದಳು.

"ಆಯಿ, ಕೈಲೆ ತಿರುಗಿಸಿಬಿಡೂನು. ಮೊದಲ ನೀ ತಿರುಗಸ್ತಿದ್ದಿ ಅಂತ ಊರಾಗ ಅಂತಾರ."

"ತಿರುಗಸ್ತಿದ್ದೆ."

"ಮತ್ತ ಈಗ ಯಾಕ ಒಲ್ಲಿ?"

ಬಾಳವ್ವ ಒಳಗೆ ಹೋಗಿ ಒಂದು ತಂಬಿಗೆ ತಂದಳು. ಅದರ ಕುತ್ತಿಗೆಗೆ ಒಂದು ಉದ್ದ ಹಗ್ಗ ಕಟ್ಟಿದಳು. ಇಬ್ಬರೂ ಹೊಳೆಗೆ ಇಳಿದರು. ಹೊಸ ನೀರು ಬಂದು ಹೊಳೆ ಕೆಂಪಗಿತ್ತು. ನಿಂತವರಿಗೆ ತಮ್ಮ ಪಾದವೇ ಕಾಣುತ್ತಿರಲಿಲ್ಲ.

ಬಾಳವ್ವ ತಂಬಿಗೆಯನ್ನು ಮುಳುಗಿಸಿ ಹಗ್ಗದ ತುದಿಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಕೈ ಹಾಕು. ಬಾಯಿ ಕೆಳಗ ಮಾಡು. ಮ್ಯಾಲ ತರಬ್ಯಾಡ."

ಫಕೀರವ್ವ ನೀರಿನೊಳಗೇ ತಂಬಿಗೆಯನ್ನು ಹಿಡಿದು ಹೊರಳಿಸಿದಳು. ಅಂಥ ಕಷ್ಟವೇನೂ ಇರಲಿಲ್ಲ.

"ಆತು."

"ಈಗ ಎತ್ತು."

ಎತ್ತಿದಳು. ಹಗ್ಗ ತಂಬಿಗೆಯ ಕುತ್ತಿಗೆಗೆ ಎರಡು ಸುತ್ತು ಬಿಗಿದುಕೊಂಡಿತ್ತು.

"ಇದು ನನಗ ಕಾಣಲಿಲ್ಲ ಆಯಿ."

"ಒಳಗ ಕೂಸಿನ ಹೊಕ್ಕಳಬಳ್ಳೀನೂ ಹಿಂಗ, ಕಾಣೂದಿಲ್ಲ. ದವಾಖಾನ್ಯಾಗ ತಿರುಗಸೂಮುಂದ ಕೂಸಿನ ಎದಿಬಡಿತ ಕೇಳ್ಕೋತ ತಿರುಗಸ್ತಾರ. ಬಡಿತ ತಪ್ಪಿದ್ರ ಕೈ ತಗೀತಾರ. ಹೊಟ್ಟಿ ಕೊಯ್ಯೂ ಕೋಣಿ ಬಾಜೂಕ ಇರತೈತಿ. ನಿನ್ನ ಬಾಜೂಕ ಏನೈತಿ?"

ಫಕೀರವ್ವ ತಡೆಯಲಾರದೆ ಕೇಳಿದಳು.

"ನಿನ್ನ ಕೈಯಾಗ ಎಂದಾರ ಹಿಂಗ ಆಗಿತ್ತೇನ?"

"ಭಾಳ ವರ್ಷದ ಹಿಂದ ಒಂದು ಊರಾಗ ಒಂದು ಕೂಸು ಉಳೀಲಿಲ್ಲ."

"ಹಗ್ಗ ಸುತ್ತಿತ್ತೇನ?"

ಬಾಳವ್ವ ಹಗ್ಗ ಬಿಚ್ಚಿ ಸುತ್ತಿಕೊಂಡಳು. ದಂಡೆ ಹತ್ತಿದಳು.

ಮರುದಿನದಿಂದ ಫಕೀರವ್ವ ಮುಂಜಾನೆ ಸಂಜೆ ಕಾಶವ್ವನ ಮನೆಗೆ ಹೋದಳು. ನಿಂಬೆವ್ವ ಒಬ್ಬಳೇ ಮಂಡಿಯೂರಿ ಬಗ್ಗಲು ನಾಚಿಕೊಂಡಳು. ಹಾಗಾಗಿ ಫಕೀರವ್ವನೂ ಅವಳ ಪಕ್ಕದಲ್ಲಿ ಅದೇ ರೀತಿ ಬಗ್ಗಿದಳು.

"ಎರಡು ಎಮ್ಮಿ ಕಟ್ಟಿದಂಗಾತು ಮನ್ಯಾಗ," ಎಂದಳು ಕಾಶವ್ವ, ಇಬ್ಬರನ್ನೂ ದಾಟಿಕೊಂಡು ಅಡುಗೆಮನೆಗೆ ಹೋಗುತ್ತ.

ನಿಂಬೆವ್ವನಿಗೆ ನಗು ತಡೆಯಲಾಗಲಿಲ್ಲ. ತವರಿಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಬಗ್ಗಿದಲ್ಲೇ ಅವಳು ಹೊಟ್ಟೆಯ ಜೊತೆ ಮಾತಾಡುತ್ತಿದ್ದಳು. "ಬಾಗಲಾ ಈ ಕಡಿ ಐತೋ ಯಪ್ಪಾ. ಈ ಕಡಿ ಹೊಳ್ಳು."

ಐದನೆಯ ದಿನ ಅವಳು ನೆಲ ನೋಡುತ್ತಲೇ ಹೇಳಿದಳು.

"ಮೊದಲಿನದರ ಮಾರಿ ನಾ ನೋಡಿಲ್ಲ ಫಕೀರಿ. ಅರಿಬ್ಯಾಗ ಸುತ್ತಿ ಒಯ್ದರು. ನಾ ನೋಡಿದ್ದು ಎರಡು ಪಾದ ಅಷ್ಟ."

ಫಕೀರವ್ವನಿಗೆ ಅಳು ಬಂತು. ಹೇಗಾದರೂ ಮಾಡಿ ಈ ಕೂಸು ತಿರುಗಲೇಬೇಕು ಎಂದು ಅವಳು ಅವತ್ತಿನಿಂದ ತನ್ನ ಮನೆಯ ಕೂಸೇ ಎಂಬಂತೆ ಹಂಬಲಿಸತೊಡಗಿದಳು.

ದಿನಾ ಹೊಟ್ಟೆ ಮುಟ್ಟುತ್ತಿದ್ದಳು. ದಿನಾ ನಿಂಬೆವ್ವ ಅವಳ ಮುಖ ನೋಡುತ್ತಿದ್ದಳು. ದಿನಾ ಅವಳು ಇಲ್ಲ ಎನ್ನಬೇಕಾಗುತ್ತಿತ್ತು.

ಒಂಬತ್ತನೆಯ ದಿನ ಮುಂಜಾನೆ ಕಿಬ್ಬೊಟ್ಟೆಯ ಹತ್ತಿರ ಗುಂಡಗೆ ಏನೋ ಕೈಗೆ ಸಿಕ್ಕಿತು. ನಿಂಬೆವ್ವ ಉಸಿರು ಹಿಡಿದು ಅವಳನ್ನೇ ನೋಡುತ್ತಿದ್ದಳು.

"ತಿರುಗೇತಿ!" ಎಂದುಬಿಟ್ಟಳು ಫಕೀರವ್ವ.

ನಿಂಬೆವ್ವ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಕಾಶವ್ವ ದೇವರ ಮುಂದೆ ದೀಪ ಹಚ್ಚಿದಳು, ಒಲೆಯ ಮೇಲೆ ಹೋಳಿಗೆಗೆ ಬೇಳೆ ಬೇಯಲು ಇಟ್ಟಳು. ನಾಳೆ ಟಂಟಂ ಬೇಡ ಎಂದು ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸಿದಳು.

ಮಧ್ಯಾಹ್ನ ಫಕೀರವ್ವ ತುಪ್ಪ ಹಾಕಿಸಿಕೊಂಡು ಎರಡು ಹೋಳಿಗೆ ಉಂಡಳು. ಮೂರನೆಯದನ್ನು ಕಾಶವ್ವ ಒತ್ತಾಯ ಮಾಡಿ ಹಾಕಿದಳು.

ಬಾಳವ್ವ ಬೇವಿನ ಮರದ ಕೆಳಗೆ ಜೋಳ ಹಸನು ಮಾಡುತ್ತಿದ್ದಳು. ಫಕೀರವ್ವ ದೂರದಿಂದಲೇ ಕೂಗಿದಳು.

"ಆಯಿ, ಕೂಸು ತಿರುಗೇತಿ!"

"ತಟ್ಟಿದಾಗ ಅದೊಂದ ಆಡ್ತೋ, ಮೈಯೆಲ್ಲಾ ಕೂಡ ಬಂತೋ?"

ಫಕೀರವ್ವ ನಿಂತಲ್ಲೇ ನಿಂತಳು.

"ತಟ್ಟಿಲ್ಲ."

"ಮ್ಯಾಲ, ಪಕ್ಕೆಲಬಿನ ಕೆಳಗ ಕೈ ಇಟ್ಟು ನೋಡಿದಿ?"

"ಇಲ್ಲ."

"ಯಾಕ?"

"ಮರತೆ."

ಬಾಳವ್ವ ಜೋಳದಿಂದ ಒಂದು ಹರಳು ಆರಿಸಿ ಆಚೆ ಒಗೆದಳು. ಮತ್ತೊಂದು ಆರಿಸಿದಳು.

"ಮರತಿಲ್ಲ ಆಯಿ," ಎಂದಳು ಫಕೀರವ್ವ. "ತಟ್ಟಬೇಕಂತ ಬೆರಳು ಎತ್ತಿದ್ದೆ. ತಲಿ ಅಲ್ಲಂದ್ರ ಏನ ಮಾಡ್ಲಿ ಅಂತ ಅಂಜಿಕಿ ಬಂತು. ನಿಂಬೆವ್ವ ನನ್ನ ಮಾರೀನ ನೋಡಾಕತ್ತಿದ್ಲು."

ಬಾಳವ್ವ ಜೋಳ ಕೇರತೊಡಗಿದಳು.

"ನೀ ಬಾ ಆಯಿ. ನೀನ ಮುಟ್ಟಿ ನೋಡು."

"ಹೋಳಿಗಿ ಯಾರು ಉಂಡರು?"

"ನಾ."

"ಮತ್ತ?"

"ನಾಳಿ ಮುಂಜಾನೆ ಎದ್ದಕೂಡ್ಲೆ ಹೋಗ್ತೀನಿ."

"ಈಗ ಹೋಗು. ಹೊಟ್ಟ್ಯಾಗಿನ ಹೋಳಿಗಿ ಅರಗೂದರೊಳಗ ಹೋಗು."

ಫಕೀರವ್ವ ಹೊರಟಳು. ಗೋವಿನಜೋಳದ ಹೊಲದ ಬದುವಿನ ಮೇಲೆ ಎರಡು ಸಲ ನಿಂತಳು. ತಲೆಯೇ ಇದ್ದರೂ ಇರಬಹುದು, ಸುಮ್ಮನೆ ಅವರನ್ನು ಹೆದರಿಸುವುದೇಕೆ ಎಂದು ಒಮ್ಮೆ ಅನಿಸಿತು. ಹೋಗಿ ನೋಡಿ, ತಲೆಯಲ್ಲದಿದ್ದರೆ ಮತ್ತೆ ಹೊರಳಿಬಿಟ್ಟಿದೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಅನಿಸಿತು. ತನ್ನ ಬಗ್ಗೆ ಅವಳಿಗೆ ನಾಚಿಕೆಯಾಯಿತು.

ಮನೆಯಲ್ಲಿ ನೆರೆಹೊರೆಯ ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು.

"ನಿಂಬೆವ್ವ, ಇನ್ನೊಮ್ಮೆ ಮಲಕ್ಕೋ."

ಅಂಗೈ ತಣ್ಣಗಾಗಿತ್ತು. ಬಹಳ ಹೊತ್ತು ಉಜ್ಜಿದಳು. ಕೆಳಗಿನ ಗುಂಡನ್ನು ಎರಡು ಬೆರಳಿನಿಂದ ತಟ್ಟಿದಳು. ಕೂಸಿನ ಇಡೀ ಮೈಯೇ ಅದರ ಜೊತೆ ಅತ್ತ ಸರಿಯಿತು.

ಪಕ್ಕೆಲುಬಿನ ಕೆಳಗೆ ಕೈ ಇಟ್ಟು ತಟ್ಟಿದಳು. ಅಲ್ಲಿದ್ದ ಗುಂಡು ಅದೊಂದೇ ಅತ್ತಿತ್ತ ಆಡಿತು.

ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಫಕೀರವ್ವ ಮಾತ್ರ ನಿಂಬೆವ್ವನನ್ನು ನೋಡಿ ಹೇಳಿದಳು.

"ತಲಿ ಇನ್ನೂ ಮ್ಯಾಲೈತಿ. ತಿರುಗೇ ಇಲ್ಲ. ಮುಂಜಾನೆ ನಾ ತಟ್ಟಿ ನೋಡಲಾರದ ಹೇಳಿದೆ. ನನ್ನ ತಪ್ಪು."

"ಉಂಡ ಕೈ ಇನ್ನೂ ಆರಿಲ್ಲ, ಈಗ ಬಂದು ಹಿಂಗ ಅಂತಿಯಲ್ಲ!" ಎಂದು ಕಾಶವ್ವ ಎದ್ದು ನಿಂತಳು. "ನನ್ನ ಮಗಳ ಹೊಟ್ಟಿ ನಿನಗ ಆಟಕ್ಕ ಸಿಕ್ಕೈತೇನ? ಇನ್ನೊಮ್ಮೆ ನನ್ನ ಹೊಸ್ತಲಾ ತುಳೀಬ್ಯಾಡ!"

ಫಕೀರವ್ವ ತಲೆ ತಗ್ಗಿಸಿ ನಿಂತಿದ್ದಳು. ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ.

ನಿಂಬೆವ್ವ ಅಳಲಿಲ್ಲ. ಸೀರೆ ಸರಿಮಾಡಿಕೊಂಡು ಮೆಲ್ಲಗೆ ಎದ್ದು ಕೂತಳು.

"ಯವ್ವಾ," ಎಂದಳು, "ಟಂಟಂನವಗ ನಾಳಿ ಬಾ ಅಂತ ಹೇಳಿಕಳಸು. ಫಕೀರೀನೂ ನನ್ನ ಕೂಡ ಬರ್ತಾಳ."

ದವಾಖಾನೆಯಲ್ಲಿ ಡಾಕ್ಟರಬಾಯಿ ಯಂತ್ರ ಹಚ್ಚಿ ನೋಡಿದಳು. ತಲೆ ಮೇಲೆಯೇ ಇತ್ತು. ಒಂದು ವಾರ ಬಿಟ್ಟು ಕರೆಸಿ, ಎದೆಬಡಿತದ ಸದ್ದು ಕೋಣೆಗೆಲ್ಲ ಕೇಳುವಂತೆ ಇಟ್ಟು, ಕೈಯಿಂದ ತಿರುಗಿಸಲು ನೋಡಿದಳು. ಕೂಸು ಅರ್ಧ ಹೊರಳಿತು. ಬಡಿತ ನಿಧಾನವಾಯಿತು. ಡಾಕ್ಟರಬಾಯಿ ಕೂಡಲೇ ಕೈ ತೆಗೆದಳು. ಬಡಿತ ಮೊದಲಿನಂತಾಯಿತು.

ಆಕೆ ಮತ್ತೆ ಪ್ರಯತ್ನ ಮಾಡಲಿಲ್ಲ. ಆಪರೇಷನ್ನಿಗೆ ದಿನ ಗೊತ್ತು ಮಾಡಿದಳು. ಹೆಣ್ಣು ಕೂಸು ಹುಟ್ಟಿತು.

ಕೂಸನ್ನು ಕೊಟ್ಟಾಗ ನಿಂಬೆವ್ವ ಅರಿವೆ ಸರಿಸಿ ಮುಖ ನೋಡಿದಳು. ಎಷ್ಟು ಹೊತ್ತಾದರೂ ನೋಡುತ್ತಲೇ ಇದ್ದಳು. ಹೊರಗೆ ಕೂತಿದ್ದ ಕಾಶವ್ವ ಫಕೀರವ್ವನ ಕಡೆ ತಿರುಗದೆಯೇ, "ಚಾ ಕುಡದಿಯೇನ?" ಎಂದು ಕೇಳಿದಳು.

ಎಲ್ಲರೂ ಮನೆಗೆ ಬಂದ ಮೇಲೆ ಕಾಶವ್ವ ಮತ್ತೆ ಹೋಳಿಗೆ ಮಾಡಿದಳು. ನಾಲ್ಕನ್ನು ಅರಿವೆಯಲ್ಲಿ ಕಟ್ಟಿ ಬಾಳವ್ವನಿಗೆಂದು ಕೊಟ್ಟಳು.

ಫಕೀರವ್ವ ಬೇವಿನ ಮರದ ಕೆಳಗೆ ಕೂತು ನಡೆದದ್ದನ್ನೆಲ್ಲ ಹೇಳಿದಳು.

"ಡಾಕ್ಟರಬಾಯಿ ಎಷ್ಟು ಲಗೂನ ಕೈ ತಗದ್ಲು ಅಂತಿ ಆಯಿ!"

"ಶಾಣೇಕಿ," ಎಂದಳು ಬಾಳವ್ವ.

"ಆದ್ರ ಕೂಸು ತಿರುಗಲಿಲ್ಲ. ಒಂಬತ್ತು ದಿನ ಬಗ್ಗಿದ್ದು ಏನೂ ಆಗಲಿಲ್ಲ."

"ಕೆಲವು ತಿರುಗತಾವ, ಕೆಲವು ತಿರುಗೂದಿಲ್ಲ. ಅದು ನಿನ್ನ ಕೈಯಾಗ ಇದ್ದಿಲ್ಲ."

ಫಕೀರವ್ವ ಹೊಳೆಯ ಕಡೆ ನೋಡಿದಳು. ನೀರು ತಿಳಿಯಾಗುತ್ತ ಬಂದಿತ್ತು.

"ಆಯಿ, ಒಂದು ಮಾತು ಕೇಳ್ತೀನಿ. ಅವತ್ತ ನಾ ತಟ್ಟಿ ನೋಡಿಲ್ಲ ಅಂತ ಇಲ್ಲಿ ಕುಂತ ನಿನಗ ಹೆಂಗ ತಿಳೀತು?"

ಬಾಳವ್ವ ಗಂಟು ಬಿಚ್ಚಿದಳು. ಹೋಳಿಗೆ ಇನ್ನೂ ಬಿಸಿ ಇತ್ತು. ನಾಲ್ಕನ್ನೂ ಶಿಷ್ಯೆಯ ಮುಂದೆ ಸರಿಸಿದಳು.

"ಕೂಸು ಉಳೀಲಾರದ ಆ ಊರಾಗ ಹಗ್ಗ ಸುತ್ತಿದ್ದಿಲ್ಲ. ನಾನೂ ತಟ್ಟಿ ನೋಡಲಾರದ ತಿರುಗೇತಿ ಅಂದೆ, ಹೋಳಿಗಿ ಮಾಡಿ ಹಾಕಿದ್ರು, ಉಂಡು ಹೊಂಟೆ. ದಾರ್ಯಾಗ ಸಂಶೆ ಬಂತು. ಹೊಟ್ಟಿ ತುಂಬಿತ್ತು, ಹೊಳ್ಳಿ ಹೋಗಲಿಲ್ಲ."