ಹುಲಗಪ್ಪನ ತಣ್ಣನ ಹಲಗಿ

ಭಾಳ ಹಿಂದಿನ ಮಾತು. ಎಷ್ಟು ಹಿಂದ ಅಂದ್ರ, ನಮ್ಮವ್ವಗ ಅವರವ್ವ ಹೇಳಿದ್ದು, ಆಕಿಗೂ ಯಾರೋ ಹೇಳಿದ್ದು. ಒಂದು ಊರು. ಯಾವ ಊರಂತ ಕೇಳಬ್ಯಾಡ್ರಿ, ಕುಂತ ನೆಲ ನೋಡ್ಕೊಳ್ರಿ ಸಾಕು.

ಆ ಊರಾಗ ಹುಲಗಪ್ಪ ಅಂತ ಒಬ್ಬಾಂವ ಇದ್ದ. ಹಲಗಿ ಬಾರಿಸಾಂವ, ಡಂಗುರ ಸಾರಾಂವ. ಅಂವ ಬಾರಿಸಿದ್ರ ಮೂರು ಹರದಾರಿ ಆಚೆ ಎತ್ತು ಕಿವಿ ನಿಗರಸ್ತಿದ್ವು ಅಂತಾರ. ನಾನೇನು ನೋಡಿಲ್ಲ, ಅಂತಾರ ಅಷ್ಟ. ಆ ಕಾಲದಾಗ ಹಿರ್ಯಾರು ಕಟ್ಟಿ ಮ್ಯಾಲೆ ಕುಂತು ತೀರ್ಪು ಕೊಡ್ತಿದ್ರು. ನಮ್ಮ ಕೇರಿಯವರು ಕಟ್ಟಿ ಹತ್ತಂಗಿಲ್ಲ, ಕೆಳಗ ದೂರ ನಿಂದರಬೇಕು. ಆದ್ರ ಒಂದು ಪದ್ಧತಿ ಇತ್ತು. ಊರ ನಾಲ್ಕೂ ಮೂಲಿಗೆ ಹಲಗಿ ನುಡೀತಂದ್ರ ತೀರ್ಪು, ನುಡೀಲಿಲ್ಲಂದ್ರ ಅದು ಬರೇ ಮಾತು. ಕೊಡೋ ಬಾಯಿ ಅವರದು, ಸಾರೋ ಕೈ ನಮ್ಮದು.

ಒಂದು ಶ್ರಾವಣ. ಜಿಟಿಜಿಟಿ ಮಳಿ. ಕೇರಿಯ ಹೊಂಡದ ನೀರೆಲ್ಲ ರಾಡಿಯಾಗಿತ್ತು. ಕೇರಿಯಾಗ ಮರಿಯವ್ವ ಅಂತ ಒಬ್ಬಾಕಿ, ಗಂಡ ಸತ್ತಾಕಿ. ಆಕಿ ಕೂಸಿಗೆ ಜ್ವರ. ತಡೀಲಾರದ ಹೋಗಿ ಊರವರ ದೊಡ್ಡ ಬಾವಿಗೆ ಕೊಡ ಇಳಿಬಿಟ್ಲು. ಯಾರೋ ನೋಡಿದ್ರು. ಆಕಿ ಇನ್ನೂ ಹೊಲದಾಗ ಕಳೆ ತೆಗೀತಿದ್ಲು, ಇತ್ತ ಕಟ್ಟಿ ಮ್ಯಾಲೆ ತೀರ್ಪು ಆಗಿಹೋತು: ಹೊತ್ತು ಮುಳುಗೋದ್ರಾಗ ಕೂಸಿನ್ನ ಕಟ್ಕೊಂಡು ಊರು ಬಿಡಬೇಕು. ಆಕಿನ್ನ ಒಂದು ಮಾತು ಕೇಳಿದ್ರೇನು? ಯಾರು ಕೇಳ್ತಾರ! ಬಂದು ಸಾರು ಅಂತ ಹುಲಗಪ್ಪಗ ಹೇಳಿಕಳಿಸಿದ್ರು.

ಈಗ ಇದನ್ನ ಚಂದಂಗ ಕೇಳ್ರಿ. ಹಲಗಿ ಅಂದ್ರ ತೊಗಲು. ತಂಪು ಹೊತ್ತಿನಾಗ ತೊಗಲು ಸಡಲ ಆಗತೈತಿ. ಹುಲ್ಲಿನ ಉರಿಗೆ ಹಿಡಿದು ಕಾಸಬೇಕು, ಆಗ ಬಿಗೀತೈತಿ, ಆಗ ನುಡೀತೈತಿ. ಇದು ನಮ್ಮ ಕೇರಿಯ ಕೂಸಿಗೂ ಗೊತ್ತು. ಕಟ್ಟಿ ಮ್ಯಾಲಿನವರಿಗೆ ಮಾತ್ರ ಗೊತ್ತಿರಲಿಲ್ಲ. ಹುಲಗಪ್ಪ ಯಾವಾಗಲೂ ಕೇರಿಯಾಗ ಕಾಸಿಕೊಂಡ ಬರಾಂವ. ಅವರೇನು ನೋಡಾಕ ಕೇರಿಗೆ ಕಾಲಿಟ್ಟಾರ?

ಅವತ್ತು ಅವನ ಹೆಂಡತಿ ಹುಲ್ಲು ಒಟ್ಟಿ ಉರಿ ಹಚ್ಚಾಕ ಹೋದ್ಲಂತ. ಬ್ಯಾಡ ಅಂದ್ನಂತ. ಹಂಗ ಹಲಗಿ ಹೆಗಲಿಗೆ ಹಾಕ್ಕೊಂಡು ನಡದ. ಭಾರೀ ಗುಂಡಿಗಿಯವ ಅಂತೀರಿ? ಏ, ಬಿಡ್ರಿ! ದಾರಿ ತುಂಬ ತಿರುಗಿ ತಿರುಗಿ ತನ್ನ ಮನಿ ನೋಡ್ತಿದ್ನಂತ. ಗೊತ್ತಾದ್ರ ಅವತ್ತ ಅವನ ಮನಿಯವರೂ ಊರು ಬಿಡಬೇಕಿತ್ತು.

ಕಟ್ಟಿ ಮುಂದ ನಿಂತು ಬಾರಿಸಿದ. ಡಬ್. ಬಿರುಸಾಗಿ ಬಾರಿಸೋ ಅಂತ ಗೌಡ ಒದರಿದ. ಮೈಯಾಗಿನ ಶಕ್ತಿ ಎಲ್ಲಾ ಹಾಕಿ ಬಾರಿಸಿದ. ಡಬ್, ಡಬ್. ನೆನೆದ ಗೋಣಿಚೀಲಕ್ಕ ಬಡಿದಂಗ. ಊರ ಮೂಲಿಗೆ ಕೇಳೋದಿರಲಿ, ಕಟ್ಟಿಗೂ ನೆಟ್ಟಗ ಕೇಳಲಿಲ್ಲ. ಏನಾತೋ ಅಂದ್ರು. ಹುಲಗಪ್ಪ ಕೈ ಮುಗಿದ.

"ಹಲಗಿ ಒಲ್ಲೆ ಅಂತೈತ್ರಿ ಯಪ್ಪಾ. ಒಂದು ಬಾಯಿ ಮಾತು ಕೇಳಿ ಮಾಡಿದ ತೀರ್ಪದು. ಇನ್ನೊಂದು ಬಾಯಿನೂ ಕೇಳ್ರಿ, ಆಮ್ಯಾಲೆ ನುಡಿದೀತು."

ಹಿರ್ಯಾರ ಮಾರಿ ಇಳೀತು. ಊರದೇವಿ ತಾಯಿ ಮುನಿದ್ಲೇನೋ ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ರು. ಕೈ ಚಾಚಿ ಆ ತೊಗಲು ಮುಟ್ಟಿದ್ರ ಸಾಕಿತ್ತು, ತಣ್ಣಗೈತಿ ಅಂತ ತಿಳೀತಿತ್ತು. ಆದ್ರ ಮುಟ್ಟಾವ್ರು ಯಾರು?

ಮರಿಯವ್ವನ್ನ ಕರೆಸಿದ್ರು. ಕೆಸರುಗಾಲಿಲೆ ಬಂದ್ಲು, ಬೆನ್ನಿಗೆ ಕೂಸು. ಕೊಡ ಇಳಿಬಿಟ್ಟಿದ್ದು ಖರೆ ಅಂದ್ಲು. ಅಳಲಿಲ್ಲಂತ.

"ಆ ಬಾವಿ ತೋಡಿದಾಂವ ನಮ್ಮಪ್ಪ. ಸೆಲಿ ಒಡೆದಾಗ ನೀರು ಮೊದಲು ಮುಟ್ಟಿದ್ದು ಅವನ ಪಾದ. ಅದ ನೀರು ನೀವು ಇಷ್ಟು ವರ್ಷ ಕುಡದೀರಿ. ಮೈಲಿಗಿ ಆಗಿದ್ದು ಅವತ್ತೋ, ಇವತ್ತೋ? ಹೇಳ್ರಿ."

ಕಟ್ಟಿ ಮ್ಯಾಲೆ ವಾದ ಹತ್ತಿತು. ಹಿಂದಿನಿಂದ ಬಂದ ಕಟ್ಟಳಿ ದೊಡ್ಡದು ಅಂದಾಂವ ಒಬ್ಬ, ಜೀವ ದೊಡ್ಡದು ಅಂದಾಂವ ಇನ್ನೊಬ್ಬ. ಹೊತ್ತು ಇಳಿದ್ರೂ ಮುಗೀಲಿಲ್ಲ. ಕಡೀಕ ಅವರಾಗ ಎಲ್ಲಾರಿಗಿಂತ ಮುದುಕ ಎದ್ದು, ಆ ಬಾವಿ ತೋಡೋದು ನಾ ಹರೇದಾಂವ ಇದ್ದಾಗ ಕಣ್ಣಾರೆ ನೋಡೀನಿ, ಆಕಿ ಅನ್ನೋದು ಖರೆ ಐತಿ ಅಂದ. ಆಮ್ಯಾಲೆ ತೀರ್ಪು ತಿರುಗಿತು. ಮರಿಯವ್ವ ಊರು ಬಿಡಂಗಿಲ್ಲ, ಹೋಗಿ ಸಾರು ಅಂದ್ರು. ಹುಲಗಪ್ಪ ಮೊದಲು ಕೇರಿಗೆ ಹೋದ, ಹುಲ್ಲಿಗೆ ಉರಿ ಹಚ್ಚಿದ. ಆಗ ನುಡೀತು ನೋಡ್ರಿ ಹಲಗಿ! ಕಟ್ಟಿ ಮ್ಯಾಲೆ ಹಿರ್ಯಾರು ಕೈ ಮುಗಿದ್ರಂತ.

ಬಾವಿ ಎಲ್ಲಾರಿಗೂ ಆತೇನು? ಆಗಲಿಲ್ಲ, ಸುಳ್ಳ್ಯಾಕ ಹೇಳಲಿ. ಅದಕ್ಕ ಇನ್ನೂ ಎಷ್ಟೋ ಮಂದಿ ಹೆಣ್ಣುಮಕ್ಕಳು ಕೊಡ ಹಿಡಕೊಂಡು ನಿಂದರಬೇಕಾತು. ಆದ್ರ ಎರಡೂ ಕಡೆ ಕೇಳಲಾರದ ತೀರ್ಪು ಕೊಡಾಕ ಮಾತ್ರ ಅವತ್ತಿನಿಂದ ಅಂಜಿದ್ರು. ಇಡೀ ಕೇರಿಗೆ ಆ ಹಲಗಿ ಗುಟ್ಟು ಗೊತ್ತಿತ್ತು. ಹುಲಗಪ್ಪ ಸಾಯೋ ತನಕ ಒಬ್ಬರೂ ಬಾಯಿ ಬಿಡಲಿಲ್ಲ, ಊರವರಿಗೆ ತಿಳಿದಿದ್ದು ಆಮ್ಯಾಲೆ. ಬಾಯಿಬಡಕರು ನಾವು, ಅದೊಂದು ಹೆಂಗ ತಡಕೊಂಡೇವೋ ಏನೋ!

ಈಗ ಕಟ್ಟಿ ಹತ್ತಾಕ ಯಾರಿಗೂ ತಡಿಯಿಲ್ಲ. ಆದ್ರೂ ನಮ್ಮೂರಾಗ ಸಭೆ ಕೂಡಿದ್ರ ಹಲಗಿ ತಂದು, ಕಾಸಲಾರದ ಹಂಗ ನಡುವ ಇಡ್ತಾರ. ಯಾರ ಮ್ಯಾಲೆ ಮಾತು ಬಂದೈತೋ ಅವರು ಬಾಯಿ ತೆಗೆದು ಹೇಳೋ ತನಕ ಹುಲ್ಲಿಗೆ ಉರಿ ಹಚ್ಚಂಗಿಲ್ಲ. ಅದಕ್ಕೂ ಮೊದಲು ಕುಂತಾವ್ರು ಒಬ್ಬೊಬ್ಬರ ಎದ್ದು ಬರ್ತಾರ, ಗೌಡರ ಮನಿಯವರೂ ಬರ್ತಾರ, ಆ ತೊಗಲ ಮ್ಯಾಲೆ ಅಂಗೈ ಇಟ್ಟು ಮುಟ್ಟಿ ನೋಡ್ತಾರ, ತಣ್ಣಗೈತೇನು ಅಂತ.